ನೂರರ ಕೌಂಟಿನ ಮುಖ

ಮುಖ ತೊಳೆಯುವವರನ್ನು ನೀವು ನೋಡಿರುತ್ತೀರಿ. ಮುಖ ಒಗೆಯುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಒಗೆಸಿಕೊಂಡಿದ್ದೇನೆ! ಒಗೆದವರು ನಮ್ಮ ಮಾಮ, ಅಂದರೆ ನನ್ನ ಅಮ್ಮನ ಒಡಹುಟ್ಟಿದ ತಮ್ಮ. ಒಗೆಸಿಕೊಂಡ ಮುಖ ಈಗಲೂ ನನ್ನ ಹತ್ತಿರವೇ ಇದೆ. ಅನುಮಾನವಿದ್ದವರು ಮನೆಗೆ ಬಂದು ನೋಡಬಹುದು, ಕಾಫಿಯನ್ನೂ ಕೊಡುತ್ತೇನೆ.

ಮಾಮನ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ, ಪಕ್ಕದಲ್ಲಿ ಫೋಟೋ ಯಾಕೆ ಹಾಕಿಸಲಿಲ್ಲ ಎಂದು ಜಗಳಕ್ಕೆ ಬರುತ್ತಾರೆ. ಹಾಗೆ ನೋಡಿದರೆ ಅವರು ಇದನ್ನು ಓದುವ ಭಯವೂ ಇಲ್ಲ. ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ ನಮ್ಮದು ನೇಯ್ಗೆಯವರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಓದು ಬರಹವೆಲ್ಲ ತಮಿಳಿನಲ್ಲೇ. ನಾನು ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಮಾಮನಿಗೆ ಇವತ್ತಿಗೂ ಬಾರದು. ಆ ಧೈರ್ಯದ ಮೇಲೆಯೇ ಬರೆಯಲು ಕೂತಿದ್ದೇನೆ.

ಮೊದಲು ಮಾಮನ ಮುಖದ ವಿಷಯ ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಮಾತು. ಆಗ ಅವರಿಗೆ ಮೂವತ್ತೈದರ ಆಸುಪಾಸು. ನಮ್ಮ ಬೀದಿಯಲ್ಲಿ ಅಂಥ ಮುಖ ಇನ್ನೊಂದಿರಲಿಲ್ಲ ಎಂದು ಒಪ್ಪಬೇಕು. ನುಣ್ಣನೆಯ ಕೆನ್ನೆ, ತಿದ್ದಿದ ಮೀಸೆ, ಹಣೆಯ ಮೇಲೆ ಬೇಕೆಂದೇ ಇಳಿಬಿಟ್ಟ ಒಂದು ಸುರುಳಿ ಕೂದಲು. ಈ ಮುಖ ದೇವರು ಕೊಟ್ಟದ್ದು ಎಂದು ಬೇರೆಯವರು ಅಂದುಕೊಂಡರೆ, ಮಾಮ ಮಾತ್ರ ಅದು ಊರಿಗೆ ತಾವು ಕೊಟ್ಟ ಉಡುಗೊರೆ ಎಂದು ನಂಬಿದ್ದರು. ಬೆಳಿಗ್ಗೆ ಅವರು ಕನ್ನಡಿಯ ಮುಂದೆ ನಿಂತರೆ ಅತ್ತೆ ದೋಸೆ ಹಿಟ್ಟು ರುಬ್ಬಿ, ಹುಯ್ದು, ಮಕ್ಕಳಿಗೆ ತಿನ್ನಿಸಿ, ಪಾತ್ರೆ ತೊಳೆದು ಮುಗಿಸುತ್ತಿದ್ದರು. “ಆಯ್ತಾ ದರ್ಶನ? ಮಂಗಳಾರತಿ ತರ್ಲಾ?” ಎಂದು ಅತ್ತೆ ಒಳಗಿನಿಂದ ಕೇಳುವುದು ಗೋಡೆಯಾಚೆ ನಮಗೆ ಕೇಳಿಸುತ್ತಿತ್ತು. ಎರಡು ಮನೆಗೂ ಒಂದೇ ಗೋಡೆ, ಒಂದೇ ಅಂಗಳ.

ಒಮ್ಮೆ ಕೊಯಮತ್ತೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಸಿನಿಮಾ ಶೂಟಿಂಗ್ ನಡೆಯುತ್ತಿತ್ತಂತೆ. ಅಷ್ಟು ಜನರ ಗುಂಪಿನಲ್ಲಿ ಡೈರೆಕ್ಟರ್ ನೇರವಾಗಿ ಮಾಮನನ್ನೇ ನೋಡಿ, ಮಾಮನ ಜೊತೆಯೇ ಮಾತಾಡಿದರಂತೆ! ಈ ಕತೆಯನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಕಡೆಗೆ ಒಂದು ದಿನ ನಮ್ಮ ಅಪ್ಪ ಕೇಳಿಯೇಬಿಟ್ಟರು:

“ಅಲ್ಲ ಮಾಪ್ಳೆ, ಆ ಡೈರೆಕ್ಟರು ಏನಂತ ಮಾತಾಡಿದ್ರು?”

“ಸ್ವಲ್ಪ ಪಕ್ಕಕ್ಕೆ ಸರಿಯಪ್ಪಾ ಅಂದ್ರು ಭಾವ.”

ಇಂಥ ಮಾಮ ಕೆಲಸ ಮಾಡುತ್ತಿದ್ದದ್ದು ತಿರುಪ್ಪೂರಿನ ಒಂದು ಸಾಯಪಟ್ಟರೆಯಲ್ಲಿ. ಸಾಯಪಟ್ಟರೆ ಎಂದರೆ ನೂಲಿಗೂ ಬಟ್ಟೆಗೂ ಬಣ್ಣ ಕಟ್ಟುವ ಜಾಗ. ಅಲ್ಲಿ ಮಾಮ ಬ್ಲೀಚಿಂಗ್ ಮೇಸ್ತ್ರಿ. ತರಿಯಿಂದ, ಅಂದರೆ ಮಗ್ಗದಿಂದ, ಈಗಷ್ಟೇ ಇಳಿದ ಕೋರಾ ಬಟ್ಟೆಯನ್ನು ಬೇಯಿಸಿ, ಮದ್ದು ಹಾಕಿ, ಹುಳಿ ನೀರಿನಲ್ಲಿ ಅದ್ದಿ, ಸೋಡಾ ನೀರಿನಲ್ಲಿ ಜಾಲಿಸಿ, ನೀಲಿ ಕೊಟ್ಟು, ಬಿಸಿಲಿಗೆ ಹರವಿ ಬೆಳ್ಳಗೆ ಮಾಡುವುದು ಅವರ ಕೆಲಸ. ಈ ಕೆಲಸ ಅವರ ಕೈಯಲ್ಲಿ ಮಾತ್ರ ಇದ್ದಿದ್ದರೆ ನನಗೇನೂ ಆಗುತ್ತಿರಲಿಲ್ಲ. ಅದು ತಲೆಗೆ ಹತ್ತಿತ್ತು! ಅವರ ಕಣ್ಣಿಗೆ ಲೋಕದಲ್ಲಿ ಇರುವುದೆಲ್ಲ ಬಟ್ಟೆಯೇ. ಮದುವೆ ಮನೆಯ ಸಾಂಬಾರು ನೋಡಿ, “ಬಣ್ಣ ಸಮನಾಗಿ ಹತ್ತಿಲ್ಲ” ಎನ್ನುತ್ತಿದ್ದರು. ಸಂಜೆಯ ಆಕಾಶ ನೋಡಿ, “ಈ ಕೆಂಪು ನಿಲ್ಲಲ್ಲ, ಒಂದೇ ಒಗೆತಕ್ಕೆ ಹೋಗತ್ತೆ” ಎನ್ನುತ್ತಿದ್ದರು. ಅದು ಹೋಗುತ್ತಲೂ ಇತ್ತು, ಅವರು “ನೋಡಿದ್ಯಾ?” ಎಂದು ನಮ್ಮ ಕಡೆ ತಿರುಗುತ್ತಲೂ ಇದ್ದರು.

ಈ ಕಣ್ಣು ನನ್ನ ಮುಖದ ಮೇಲೆ ಬಿದ್ದದ್ದು ನನಗೆ ಹದಿನೇಳು ವರ್ಷವಾಗಿದ್ದಾಗ.

ಏನು ಹೇಳಲಿ ಆ ಮೊಡವೆಗಳ ಕತೆ! ಒಂದು ಹೋಗುವ ಮೊದಲು ತನ್ನ ತಂಗಿಯನ್ನು ಕರೆಸಿಕೊಳ್ಳುತ್ತಿತ್ತು, ತಂಗಿ ತನ್ನ ನಾದಿನಿಯನ್ನು. ಹಣೆ ತುಂಬಿದ ಮೇಲೆ ಕೆನ್ನೆ, ಕೆನ್ನೆ ತುಂಬಿದ ಮೇಲೆ ಮೂಗಿನ ತುದಿ. ಬೀದಿಯವರೆಲ್ಲ ವೈದ್ಯರಾದರು. ಕಡಲೆಕಾಯಿ ತಿನ್ನಬೇಡ ಎಂದರು, ಎಣ್ಣೆ ಹಚ್ಚಬೇಡ ಎಂದರು, ಎಣ್ಣೆ ಹಚ್ಚದಿದ್ದರೇ ಹೀಗಾಗುವುದು ಎಂದರು. ನಾನು ದಾವಣಿಯ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಡೆಯುವುದನ್ನು ಕಲಿತೆ. ಒಂದು ಕೈ ಸದಾ ಸೆರಗಿಗೇ ಮೀಸಲು, ಪುಸ್ತಕ ಇನ್ನೊಂದು ಕೈಯಲ್ಲಿ.

ಅದೇ ವರ್ಷ ನಾನು ಪ್ಲಸ್ ಟೂ ಪಾಸಾದೆ. ಸುಮ್ಮನೆ ಪಾಸಲ್ಲ, ಒಳ್ಳೆಯ ಮಾರ್ಕು. ಕೊಯಮತ್ತೂರು ಪೀಳಮೇಡಿನ ಒಂದು ಹೆಣ್ಣುಮಕ್ಕಳ ಕಾಲೇಜಿನಿಂದ ಬಿ.ಎಸ್ಸಿ. ಕೆಮಿಸ್ಟ್ರಿಗೆ ಇಂಟರ್‌ವ್ಯೂಗೆ ಕರೆ ಬಂತು. ನಮ್ಮ ವಂಶದಲ್ಲಿ ಗಂಡಾಗಲಿ ಹೆಣ್ಣಾಗಲಿ ಕಾಲೇಜಿನ ಮೆಟ್ಟಿಲು ಹತ್ತಿದವರಿರಲಿಲ್ಲ. ಅಪ್ಪ ಅರ್ಧ ಮನಸ್ಸಿನಿಂದ ತಲೆಯಾಡಿಸಿದರು. ಅವರ ಮಾತು ನೆಟ್ಟಗಿತ್ತು: “ಸೀಟ್ ಸಿಕ್ರೆ ಓದ್ಲಿ. ಸಿಗಲಿಲ್ವಾ, ಮನೇಲಿ ಕಂಡಿಕೆ ಸುತ್ತಲಿ. ಸಂಕ್ರಾಂತಿ ಕಳೀಲಿ, ತೈ ತಿಂಗಳಲ್ಲಿ ಗಂಡು ನೋಡಿ ಮದುವೆ ಮಾಡೋಣ.” ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ನಮ್ಮ ಬೀದಿಯ ಹೆಣ್ಣುಮಕ್ಕಳೆಲ್ಲ ಅದನ್ನು ಸುತ್ತುತ್ತಲೇ ದೊಡ್ಡವರಾದವರು. ನಾನೂ ಸುತ್ತಿದ್ದೆ, ಜೀವಮಾನವಿಡೀ ಸುತ್ತುವ ಮನಸ್ಸಿರಲಿಲ್ಲ.

ಇನ್ನು ನನ್ನ ಸಂಕಟ ಏನು ಗೊತ್ತೇ? ಕಾಲೇಜು ಬೇಕು, ಈ ಮುಖ ಹೊತ್ತುಕೊಂಡು ಪೀಳಮೇಡಿಗೆ ಹೋಗುವುದು ಬೇಡ! ಅಲ್ಲಿನ ಹುಡುಗಿಯರೆಲ್ಲ ರೇಷ್ಮೆಯಂಥ ಕೆನ್ನೆಯವರು ಎಂದು ಯಾರು ನನಗೆ ಹೇಳಿದ್ದರೋ ಗೊತ್ತಿಲ್ಲ, ನಾನಂತೂ ನಂಬಿದ್ದೆ. ಹಿತ್ತಲಿನಲ್ಲಿ ಕೂತು ಅಳುತ್ತಿದ್ದವಳನ್ನು ಮಾಮ ನೋಡಿದರು. ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು, ಬಟ್ಟೆಯ ಥಾನಿನಲ್ಲಿ ಕುಂದು ಹುಡುಕುವವರ ಹಾಗೆ ಕಣ್ಣು ಕಿರಿದು ಮಾಡಿದರು.

“ಇದಕ್ಕಾ ಅಳ್ತೀಯಾ ಅಮ್ಮಿಣಿ? ಕೋರಾ ಬಟ್ಟೆ ನೋಡಿದ್ದೀಯಲ್ಲ, ತರಿಯಿಂದ ಇಳಿವಾಗ ಹೆಂಗಿರತ್ತೆ? ಎಣ್ಣೆ, ಗಂಜಿ, ಹತ್ತಿಬೀಜದ ಚುಕ್ಕೆ. ಅದನ್ನ ಮಲ್ಲಿಗೆ ಹೂವು ಮಾಡಿ ಕೊಡೋನು ನಾನು. ನಿನ್ನ ಮುಖ ಯಾವ ಲೆಕ್ಕ?”

“ಅದು ಬಟ್ಟೆ ಕಣೋ, ಇದು ಹುಡುಗಿ!” ಎಂದರು ಅಮ್ಮ.

“ಚುಮ್ಮ ಇರಕ್ಕಾ. ಕೆಲಸ ಒಂದೇ.”

ಮೊದಲು ಬೇಯಿಸುವ ಕೆಲಸ. ಬಟ್ಟೆಯ ಎಣ್ಣೆ, ಗಂಜಿ ಬಿಡಬೇಕಾದರೆ ಕುದಿಯಬೇಕಂತೆ. ನನ್ನನ್ನು ಕುದಿಸುವಂತಿಲ್ಲವಲ್ಲ, ಅದಕ್ಕೆ ಹಂಡೆಯಲ್ಲಿ ನೀರು ಕಾಯಿಸಿ, ಸೀಗೆಕಾಯಿ ಹಾಕಿ, ನನ್ನನ್ನು ಅದರ ಮುಂದೆ ಕೂರಿಸಿ, ಮೇಲೆ ಜಮಖಾನೆ ಹೊದಿಸಿದರು. ಒಳಗೆ ನಾನು ಬೇಯುತ್ತಿದ್ದೇನೆ, ಹೊರಗೆ ಮಾಮ ಅಪ್ಪನಿಗೆ ಬ್ಲೀಚಿಂಗ್ ತೊಟ್ಟಿಯ ಪಾಠ ಹೇಳುತ್ತಿದ್ದಾರೆ. ಪಾಠದ ಉತ್ಸಾಹದಲ್ಲಿ ನನ್ನನ್ನು ಮರೆತೇಬಿಟ್ಟರು! ಅತ್ತೆ ಬಂದು ಜಮಖಾನೆ ಎತ್ತದಿದ್ದರೆ ನಾನು ಆವತ್ತೇ ಪೂರ್ತಿ ಬೆಂದು ಇಳಿಯುತ್ತಿದ್ದೆ.

ಆಮೇಲೆ ಹುಳಿ. ಸಾಯಪಟ್ಟರೆಯಲ್ಲಿ ಬಟ್ಟೆಗೆ ಹುಳಿ ಕೊಡುವಾಗ, ಹದ ನೋಡಲು ಬಣ್ಣ ಬದಲಾಗುವ ಒಂದು ಕಾಗದದ ಪಟ್ಟಿ ಬಳಸುತ್ತಾರೆ. ಮಾಮ ಅದನ್ನು ಅಂಗಿ ಜೇಬಿನಲ್ಲಿ ತಂದರು. ನನ್ನ ಮುಖಕ್ಕೆ ಹುಳಿಮೊಸರು ಮತ್ತು ಹುಣಸೆಹಣ್ಣಿನ ನೀರು ಬಳಿದರು, ಹೊತ್ತು ಹೊತ್ತಿಗೂ ಕೆನ್ನೆಗೆ ಕಾಗದ ಒತ್ತಿ ಬಣ್ಣ ನೋಡಿದರು. “ಹದ ಬಂದಿಲ್ಲ, ಇನ್ನೊಂದು ಕೈ ಹುಣಸೆ!” ಎಂದು ಕೂಗಿದರೆ ಅಮ್ಮ ಅಡುಗೆಮನೆಯಿಂದ, “ಸಾರಿಗೆ ಇಟ್ಟಿದ್ದನ್ನೆಲ್ಲ ಇವಳ ಮೂತಿಗೆ ಬಳಿದ್ಯಲ್ಲೋ, ಈಗ ಊಟಕ್ಕೆ ಇವಳನ್ನೇ ಹಿಂಡಿ ಬಡಿಸ್ಲಾ?” ಎಂದು ಉತ್ತರ ಕೊಟ್ಟರು. ಮನೆಯ ಬೆಕ್ಕು ಆ ವಾರವೆಲ್ಲ ನನ್ನ ಹಿಂದೆಯೇ ಸುತ್ತುತ್ತಿತ್ತು.

ಮೂರನೆಯದು ನೀಲಿ. ಬೇಡ ಬೇಡ ಎಂದರೂ ಕೇಳಬೇಕಲ್ಲ! ಬೆಳ್ಳಗಾದ ಬಟ್ಟೆಗೆ ಕಡೆಯಲ್ಲಿ ಒಂದು ಚಿಟಿಕೆ ನೀಲಿ ಕೊಟ್ಟರೆ ಬಿಳುಪು ಎದ್ದು ಕಾಣುತ್ತದೆ ಎಂಬುದು ನಿಜ. ಆದರೆ ಬಟ್ಟೆ ಬೆವರುವುದಿಲ್ಲ, ನಾನು ಬೆವರುತ್ತೇನೆ. ಶುಕ್ರವಾರ ಚೌಡೇಶ್ವರಿ ಗುಡಿಗೆ ಹೋದಾಗ ದೀಪದ ಶಾಖಕ್ಕೆ ಮುಖದ ನೀಲಿಯೆಲ್ಲ ಇಳಿಯತೊಡಗಿತು. ತೀರ್ಥ ಕೊಡಲು ಬಂದ ಪೂಜಾರಿ ಒಂದು ಗಳಿಗೆ ನಿಂತು ನನ್ನನ್ನೇ ನೋಡಿದರು.

“ಕೃಷ್ಣ ಜಯಂತಿಗೆ ಇನ್ನೂ ದಿನ ಇದ್ಯಲ್ಲ ಅಮ್ಮಿಣಿ?”

ಇಷ್ಟರಲ್ಲಿ ಯಾರಾದರೂ ಸುಮ್ಮನಾಗುತ್ತಿದ್ದರು. ಮಾಮ ಸುಮ್ಮನಾಗಲಿಲ್ಲ. ಒಂದು ವಿಷಯ ಮಾತ್ರ ಇಲ್ಲಿ ಹೇಳಲೇಬೇಕು. ಇಷ್ಟು ಅಪಹಾಸ್ಯದ ನಡುವೆಯೂ ಮಾಮ ಎದುರಿಗೆ ಸಿಕ್ಕವರಿಗೆಲ್ಲ, “ನಮ್ ಅಮ್ಮಿಣಿ ಕಾಲೇಜಿಗೆ ಹೋಗ್ತಾಳೆ, ಪೀಳಮೇಡು!” ಎಂದು ಸಾರುತ್ತಿದ್ದರು. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಅದೇ ಮಾತು. ಸೀಟು ಸಿಕ್ಕಿರಲಿಲ್ಲ, ಇಂಟರ್‌ವ್ಯೂ ಆಗಿರಲಿಲ್ಲ, ಮಾಮ ಮಾತ್ರ ನನ್ನನ್ನು ಆಗಲೇ ಡಿಗ್ರಿ ಪಾಸು ಮಾಡಿಸಿದ್ದರು. ಸ್ವಂತ ಮುಖ ಬಿಟ್ಟರೆ ಅವರು ಅಷ್ಟು ಹೆಮ್ಮೆಪಟ್ಟದ್ದು ಅದೊಂದಕ್ಕೇ.

ಇಂಟರ್‌ವ್ಯೂಗೆ ಇನ್ನೊಂದು ವಾರವೋ ಏನೋ ಇತ್ತು. ಮಾಮ ತಿರುಪ್ಪೂರಿನಿಂದ ಓಡೋಡಿ ಬಂದರು. ಕೆಮಿಕಲ್ ಅಂಗಡಿಯವನೊಬ್ಬ ಅವರಿಗೆ ಗುಟ್ಟು ಹೇಳಿದ್ದನಂತೆ: ಮದ್ರಾಸಿನಲ್ಲಿ ಸಿನಿಮಾ ನಟಿಯರ ಮುಖಕ್ಕೆ ಡಾಕ್ಟರು ಒಂದು ಆ್ಯಸಿಡ್ ಹಚ್ಚುತ್ತಾರೆ, ಹಳೆ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಹೋಗಿ ಒಳಗಿನಿಂದ ಹೊಸ ಮುಖ ಬರುತ್ತದೆ! ಕಾಲಿನ ಆಣಿ ಕರಗಿಸಲು ಹಚ್ಚುವ ಮದ್ದಿನಲ್ಲಿರುವುದೂ ಅದೇ ಬಿಳಿ ಪುಡಿಯಂತೆ. ಮಾಮ ಒಂದು ಪೊಟ್ಟಣ ಕಟ್ಟಿಸಿಕೊಂಡೇ ಬಂದಿದ್ದರು.

“ಅದನ್ನ ಡಾಕ್ಟರ್ ಹಚ್ಚೋದು, ನೀವಲ್ಲ,” ಎಂದರು ಅತ್ತೆ.

“ನಾನೇನು ಕಣ್ಣು ಮುಚ್ಕೊಂಡು ಹಚ್ತೀನಾ? ಮೊದಲು ಸ್ಯಾಂಪಲ್ ನೋಡದೆ ನಾನು ಯಾವತ್ತಾದ್ರೂ ಲಾಟ್ ಇಳಿಸಿದ್ದೀನಾ?”

ಇದು ಮಾತ್ರ ನಿಜ. ಸಾಯಪಟ್ಟರೆಯವರು ಒಂದು ತುಂಡು ಬಟ್ಟೆಯ ಮೇಲೆ ಪರೀಕ್ಷೆ ಮಾಡದೆ ಇಡೀ ಲಾಟನ್ನು ತೊಟ್ಟಿಗೆ ಇಳಿಸುವುದಿಲ್ಲ. ಮಾಮ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿದರು, ಸ್ಯಾಂಪಲ್ ನೋಡಿದರು. ಎಲ್ಲಿ ನೋಡಿದರು ಅಂತೀರಿ? ತಮ್ಮ ಹಿಮ್ಮಡಿಯ ಮೇಲೆ! ವರ್ಷಗಟ್ಟಲೆ ಸೋಡಾ ನೀರಿನಲ್ಲಿ ಬರಿಗಾಲಲ್ಲಿ ನಿಂತು, ಒಡೆದು, ಗಟ್ಟಿಯಾಗಿ, ಮುಳ್ಳು ಚುಚ್ಚಿದರೆ ಮುಳ್ಳೇ ಮುರಿಯುವಂಥ ಹಿಮ್ಮಡಿ! ಅದಕ್ಕೆ ಏನಾದೀತು? ಏನೂ ಆಗಲಿಲ್ಲ. “ನೋಡು, ಉರಿಯಿಲ್ಲ, ಏನಿಲ್ಲ. ಸ್ಯಾಂಪಲ್ ಪಾಸ್!” ಎಂದರು. ಮುಖವನ್ನು ಬಿಟ್ಟು ಕಾಲಿನ ಮೇಲೆ ಯಾಕೆ ನೋಡಿದಿರಿ ಎಂದು ಆಗ ಯಾರಿಗೂ ಕೇಳಲು ಹೊಳೆಯಲಿಲ್ಲ. ಕೇಳಿದ್ದರೂ ಅವರ ಮುಖದ ಮೇಲೆ ಸ್ಯಾಂಪಲ್ ನೋಡುವುದೆಂದರೆ, ಅಬ್ಬಾ, ದೇವಸ್ಥಾನದ ಗೋಪುರಕ್ಕೆ ಸುಣ್ಣ ಬಳಿದು ನೋಡೋಣ ಎಂದ ಹಾಗೆ.

ಹಚ್ಚಿದರು. ಲಡಿ ನೂಲಿಗೆ ಬಿಡುವಷ್ಟು ಹೊತ್ತು ಬಿಟ್ಟರು. ನಾನು ಉರಿ ಉರಿ ಎಂದೆ. “ಹತ್ತಿಬೀಜ ಕರಗ್ತಾ ಇದೆ,” ಎಂದರು. ಮತ್ತೆ ಉರಿ ಎಂದೆ. ಹುಳಿಯನ್ನು ಕಡಿಯಬೇಕು ಎಂದು ಸೋಡಾ ನೀರಿನಲ್ಲಿ ತೊಳೆದರು. ಉರಿ ಇನ್ನೂ ಹೆಚ್ಚಾಯಿತು. ಒಣಗಬೇಕು ಎಂದು ಅಂಗಳದ ಬಿಸಿಲಿನಲ್ಲಿ ಕೂರಿಸಿದರು. ಅಲ್ಲಿಂದ ನಾನು ಕಿರುಚಿಕೊಂಡು ಎದ್ದು ಓಡಿದ್ದು, ಮಗ್ಗಗಳ ಸದ್ದಿನ ನಡುವೆಯೂ ಇಡೀ ಬೀದಿಗೆ ಕೇಳಿಸಿತಂತೆ.

ಮುಖ ಕೆಂಡವಾಯಿತು. ಬೆಳಗಾಗುವಷ್ಟರಲ್ಲಿ ಕೆನ್ನೆ ಎರಡೂ ಕಂದು ಬಣ್ಣಕ್ಕೆ ತಿರುಗಿ ಬಿಗಿದುಕೊಂಡಿದ್ದವು. ಅಮ್ಮ ನನ್ನನ್ನೂ ಮಾಮನನ್ನೂ ಎಳೆದುಕೊಂಡು ಊರಿನ ಡಾಕ್ಟರಮ್ಮನ ಹತ್ತಿರ ಹೋದರು. ಡಾಕ್ಟರಮ್ಮ ದಪ್ಪ ಕನ್ನಡಕ ಏರಿಸಿ ನೋಡಿ, “ಯಾರು ಮಾಡಿದ್ದು ಇದನ್ನ?” ಎಂದು ತಮಿಳಿನಲ್ಲಿ ಕೇಳಿದರು.

ಮಾಮ ಒಂದು ಹೆಜ್ಜೆ ಮುಂದೆ ಬಂದರು. ಮಾಡಿದ್ದನ್ನೆಲ್ಲ ಬೇಯಿಸಿದ್ದರಿಂದ ಹಿಡಿದು ಸೋಡಾದವರೆಗೆ ಒಂದೊಂದಾಗಿ ಒಪ್ಪಿಸಿದರು.

“ಪುಣ್ಯಕ್ಕೆ ಬಿಸಿಲಿನಲ್ಲಿ ಒಣಗಿಸಿಲ್ಲವಲ್ಲ!” ಎಂದರು ಡಾಕ್ಟರಮ್ಮ.

ಮಾಮ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದರು. ಡಾಕ್ಟರಮ್ಮನಿಗೆ ಅರ್ಥವಾಯಿತು. ಆಮೇಲೆ ಅವರು ಮಾಮನನ್ನು ಬೈದದ್ದನ್ನು ನಾನು ಕನ್ನಡಕ್ಕೆ ತರಲಾರೆ. ತಂದರೂ ಅಚ್ಚು ಹಾಕುವವರು ಒಪ್ಪುವುದಿಲ್ಲ. ಒಂದು ಮುಲಾಮು ಬರೆದುಕೊಟ್ಟು, “ಚರ್ಮ ಸುಲಿದು ಬೀಳುತ್ತೆ, ಕೀಳಬೇಡ, ಬಿಸಿಲಿಗೆ ಹೋಗಬೇಡ. ಎಳೆ ವಯಸ್ಸು, ಮತ್ತೆ ಬರುತ್ತೆ. ದೊಡ್ಡವರಿಗಾಗಿದ್ದರೆ ಕಲೆ ನಿಲ್ಲುತ್ತಿತ್ತು,” ಎಂದರು. ಇಂಟರ್‌ವ್ಯೂ ದಿನಕ್ಕೆ ಸರಿಹೋಗುತ್ತದೆಯೇ ಎಂದು ಅಮ್ಮ ಕೇಳಿದರು. ಡಾಕ್ಟರಮ್ಮ ಇಲ್ಲ ಎಂದು ತಲೆಯಾಡಿಸಿದರು.

ದಾರಿಯಲ್ಲಿ ಮಾಮ ಮೆಲ್ಲಗೆ ಹೇಳಿದರು, “ಕೌಂಟ್ ತಪ್ಪಿಹೋಯ್ತಕ್ಕಾ.”

ನೂಲಿನ ದಪ್ಪ ಅಳೆಯುವ ಲೆಕ್ಕಕ್ಕೆ ಕೌಂಟ್ ಎನ್ನುತ್ತಾರೆ. ಹತ್ತರ ಕೌಂಟು ಎಂದರೆ ಜಮಖಾನೆಗೆ ಹೋಗುವ ದಪ್ಪ ನೂಲು; ನೂರರ ಕೌಂಟು ಎಂದರೆ ಊದಿದರೆ ಹಾರುವಂಥ ಸಣ್ಣ ನೂಲು. ದಪ್ಪ ನೂಲಿಗೆ ಹಾಕುವ ಮದ್ದನ್ನು ಸಣ್ಣ ನೂಲಿಗೆ ಹಾಕಿದರೆ ಅದು ತೊಟ್ಟಿಯಲ್ಲೇ ಪುಡಿಯಾಗಿ ಹೋಗುತ್ತದೆ. “ಹಿಮ್ಮಡಿ ಹತ್ತರದ್ದು. ಮುಖ ನೂರರದ್ದು. ನಾನು ನೋಡ್ಲಿಲ್ಲ.” ಮೇಸ್ತ್ರಿಯಾದವನು ಕೌಂಟು ತಪ್ಪುವುದೆಂದರೆ ಆ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಮಾಮನ ಬಾಯಲ್ಲಿ ಅಂಥ ಮಾತನ್ನು ನಾವು ಅದೇ ಮೊದಲು ಕೇಳಿದ್ದು.

ನನಗೆ ಕೌಂಟೂ ಬೇಡ ಗಿಂಟೂ ಬೇಡ. ಮುಖದ ಚರ್ಮ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ ಏಳತೊಡಗಿತ್ತು. ಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಇಂಟರ್‌ವ್ಯೂಗೆ ಹೋಗುವುದಿಲ್ಲ ಎಂದೆ. ಅಮ್ಮ ಬೇಡಿಕೊಂಡರು, ಅತ್ತೆ ಮುದ್ದು ಮಾಡಿದರು, ಜಗ್ಗಲಿಲ್ಲ. ಅಪ್ಪ ಬಾಗಿಲಾಚೆ ನಿಂತು, “ಹೋಗ್ದಿದ್ರೆ ಬಿಡಿ, ಬಲವಂತ ಬೇಡ. ಕಂಡಿಕೆಗೆ ಆಳು ಬೇಕೇ ಬೇಕು,” ಎಂದರು. ಅವರು ಕೆಟ್ಟವರಲ್ಲ. ಅವರ ಲೋಕ ಅಷ್ಟಕ್ಕೇ ಮುಗಿಯುತ್ತಿತ್ತು, ನನ್ನದೂ ಅಲ್ಲಿಗೇ ಮುಗಿಯುವುದರಲ್ಲಿತ್ತು. ಆ ಕಾಲೇಜಿನವರು ಕರೆದ ದಿನ ಹೋಗದವರಿಗೆ ಸೀಟು ಕೊಡುತ್ತಿರಲಿಲ್ಲ.

ಕಡೆಗೆ ಮಾಮ ಬಂದರು. “ಅಮ್ಮಿಣಿ, ಬಾಗ್ಲು ತೆಗಿ. ಮುಖದಲ್ಲಿ ಏನಿದೆ? ಅವರು ನೋಡೋದು ಮಾರ್ಕು.”

ಮುಖದಲ್ಲಿ ಏನಿದೆ! ಹೇಳುತ್ತಿರುವವರು ಯಾರು! ನನಗೆ ಎಲ್ಲಿತ್ತೋ ಸಿಟ್ಟು, ಬಾಗಿಲು ದಢಾರನೆ ತೆರೆದು ಅವರೆದುರು ನಿಂತೆ.

“ಮಾಮಾ, ನಿಮ್ಮ ಮುಖ ಹಿಂಗಾಗಿದ್ರೆ ನೀವು ಹೊಸಿಲು ದಾಟ್ತಿದ್ರಾ? ನಿಜ ಹೇಳಿ.”

ಮಾಮ ನನ್ನ ಮುಖವನ್ನು ನೋಡಿದರು. ತಿರುಗಿ ಹೋದರು.

ಆ ಸಂಜೆಯಿಂದ ಮಾಮ ಕಾಣಲೇ ಇಲ್ಲ. ತಿರುಪ್ಪೂರಿನಲ್ಲಿ ದೊಡ್ಡ ಲಾಟು ಬಂದಿದೆ, ಅಲ್ಲೇ ಮಲಗುತ್ತಾರಂತೆ ಎಂದು ಅತ್ತೆ ಹೇಳಿದರು. ನಾಚಿಕೆಯಾಗಿ ತಲೆಮರೆಸಿಕೊಂಡಿದ್ದಾರೆ ಎಂದು ನಾವೆಲ್ಲ ಅಂದುಕೊಂಡೆವು. ಅಪ್ಪನಂತೂ, “ಕನ್ನಡಿ ಬಿಟ್ಟು ಹೆಂಗಿದಾನೋ ಪಾಪ,” ಎಂದು ನಕ್ಕರು.

ಇಂಟರ್‌ವ್ಯೂ ದಿನ ಬೆಳಿಗ್ಗೆ ನಾನು ಹಾಸಿಗೆಯಿಂದ ಏಳಲಿಲ್ಲ. ಅಂಗಳದಲ್ಲಿ ಅಮ್ಮ “ಅಯ್ಯೋ ಸಾಮೀ!” ಎಂದು ಕೂಗಿದ್ದು ಕೇಳಿ ಬಾಗಿಲು ತೆರೆದೆ. ಅಂಗಳದ ನಡುವೆ ಮಾಮ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ, ಹಣೆಗೆ ವಿಭೂತಿ. ಅದರ ಕೆಳಗೆ ಆ ಮುಖ! ಕೆನ್ನೆ ಎರಡೂ ಕಂದಿ ಕಪ್ಪಾಗಿದ್ದವು, ಚರ್ಮ ಎದ್ದು ಹಾಳೆ ಹಾಳೆಯಾಗಿ ಜೋತಾಡುತ್ತಿತ್ತು, ಮೂಗು ಕೆಂಪಗೆ ಸುಲಿದಿತ್ತು. ಮದ್ದಿಗೆ ಅಡ್ಡ ಬಾರದಿರಲಿ ಎಂದು ಮೀಸೆಯನ್ನೇ ಬೋಳಿಸಿಬಿಟ್ಟಿದ್ದರು. ಉಳಿದ ಬಿಳಿ ಪುಡಿಯನ್ನೆಲ್ಲ ಹಚ್ಚಿಕೊಂಡು, ನನಗೆ ಬಿಟ್ಟದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟು, ಸೋಡಾದಲ್ಲಿ ತೊಳೆದು, ತಿರುಪ್ಪೂರಿನ ಬಿಸಿಲಿನಲ್ಲಿ ಕೂತು ಬಂದಿದ್ದರು.

“ಈಗ ನೋಡು,” ಎಂದವರೇ ನಮ್ಮ ಹೊಸಿಲನ್ನು ಒಳಗೆ ದಾಟಿದರು, ಮತ್ತೆ ಹೊರಗೆ ದಾಟಿದರು. “ದಾಟ್ದೆ. ನೀನೂ ದಾಟು. ಬಸ್ಸಿಗೆ ಹೊತ್ತಾಯ್ತು.”

ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ. “ಮಂಗಳಾರತಿ ತರ್ಲಾ?” ಎಂದರು. ನಾನು ಓಡಿಹೋಗಿ ಸ್ನಾನ ಮಾಡಿ ಹೊಸ ದಾವಣಿ ಉಟ್ಟೆ.

ಬಸ್ಸಿನಲ್ಲಿ ಮಾಮನನ್ನು ನೋಡಲು ಜನ ಕತ್ತು ಉಳುಕಿಸಿಕೊಂಡರು. ಮುಂದಿನ ಸೀಟಿನ ಅಜ್ಜಿಯೊಬ್ಬರು ತಿರುಗಿ ಕೂತು, “ಏನುಂಗ, ಏನಾಯ್ತು ಮುಖಕ್ಕೆ?” ಎಂದು ಕೇಳಿಯೇಬಿಟ್ಟರು. ಮಾಮ ಎದೆ ಉಬ್ಬಿಸಿದರು. “ಪೀಳಮೇಡು ಕಾಲೇಜಿಗೆ ಹೋಗ್ತಾ ಇದ್ದೀವಿ ಪಾಟಿ. ಕೆಮಿಸ್ಟ್ರಿ!” ಎಂದರು. ಕೆಮಿಸ್ಟ್ರಿ ಓದುವವರಿಗೆಲ್ಲ ಹೀಗೇ ಆಗುತ್ತದೆ ಎಂದುಕೊಂಡ ಅಜ್ಜಿ, ನನ್ನ ಕೈ ಹಿಡಿದು ಅಯ್ಯೋ ಪಾಪ ಎಂದರು.

ಇಂಟರ್‌ವ್ಯೂ ಕೋಣೆಯಲ್ಲಿ ಪ್ರಿನ್ಸಿಪಾಲಮ್ಮ, ಪಕ್ಕದಲ್ಲಿ ಇಬ್ಬರು ಟೀಚರುಗಳು. ಅವರು ನನ್ನನ್ನು ನೋಡಿದರು, ಮಾಮನನ್ನು ನೋಡಿದರು. ಮಾಮನನ್ನು ನೋಡಿದವರು ನನ್ನನ್ನು ನೋಡುವುದನ್ನೇ ಮರೆತರು. ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದೆ. ಕಡೆಗೆ ಪ್ರಿನ್ಸಿಪಾಲಮ್ಮ ಕನ್ನಡಕ ತೆಗೆದು, “ಎಷ್ಟೋ ವಿಷಯ ಇರುವಾಗ ಕೆಮಿಸ್ಟ್ರಿಯೇ ಯಾಕಮ್ಮ?” ಎಂದರು.

ಮನೆಯಲ್ಲಿ ಬಾಯಿಪಾಠ ಮಾಡಿದ್ದ ಉತ್ತರ ಒಂದಿತ್ತು. ಅದು ನಾಲಗೆಗೆ ಬರುವಷ್ಟರಲ್ಲಿ, ಪೋಷಕರು ಮಾತಾಡಕೂಡದು ಎಂಬ ನಿಯಮವಿದ್ದರೂ, ಮಾಮ ಎದ್ದು ನಿಂತು ಕೈ ಮುಗಿದರು.

“ಮನೇಲಿ ಒಬ್ರಿಗಾದ್ರೂ ಸರಿಯಾಗಿ ಗೊತ್ತಿರ್ಲಿ ಅಂತ ಮೇಡಂ.”

ಟೀಚರುಗಳು ಬಾಯಿಗೆ ಕೈ ಅಡ್ಡ ಹಿಡಿದರು. ಪ್ರಿನ್ಸಿಪಾಲಮ್ಮ ನಗಲಿಲ್ಲ. ಮಾಮನಿಗೆ ಕೂರಲು ಹೇಳಿ, ನನ್ನ ಅರ್ಜಿಯ ಮೇಲೆ ಸಹಿ ಹಾಕಿದರು.

ಹೊರಗೆ ಬಂದ ಮೇಲೆ, ಬೇವಿನ ಮರದ ಕೆಳಗೆ ನಿಂತಾಗ ನನಗೆ ಹೊಳೆಯಿತು: ಬೆಳಿಗ್ಗೆ ಬಸ್ಸು ಹತ್ತಿದಾಗಿನಿಂದ ನನ್ನ ಮುಖವನ್ನು ಯಾರೂ ನೆಟ್ಟಗೆ ನೋಡಿರಲೇ ಇಲ್ಲ. ಎಲ್ಲರೂ ನೋಡಿದ್ದು ಮಾಮನನ್ನೇ. ಸೆರಗು ಹೆಗಲ ಮೇಲೆಯೇ ಇತ್ತು, ಅದನ್ನು ಬಾಯಿಗೆ ಅಡ್ಡ ಹಿಡಿಯುವುದೇ ಮರೆತುಹೋಗಿತ್ತು. ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ ಮುಖವನ್ನು ಸುಟ್ಟುಕೊಂಡು, ಅದನ್ನೇ ನನಗೆ ಕೊಡೆಯ ಹಾಗೆ ಹಿಡಿದುಕೊಂಡು ಬಂದಿದ್ದರು ನಮ್ಮ ಮಾಮ. ನನಗೆ ಅಳು ತಡೆಯಲಾಗಲಿಲ್ಲ. “ಕಣ್ಣೀರು ಉಪ್ಪು ಕಣಮ್ಮಿಣಿ, ಗಾಯಕ್ಕೆ ಉರಿಯತ್ತೆ, ಅಳ್ಬೇಡ,” ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು, ಅವರಿಗೂ ಉರಿಯುತ್ತಿದ್ದಿರಬೇಕು.

ನನ್ನದು ಎಳೆ ಚರ್ಮ, ಡಾಕ್ಟರಮ್ಮ ಹೇಳಿದಂತೆ ಮತ್ತೆ ಬಂತು. ಹೊಸ ಚರ್ಮದ ಮೇಲೆ ಹೊಸ ಮೊಡವೆಗಳೂ ಬಂದವು! ಅವುಗಳ ಜೊತೆಗೇ ಮೂರು ವರ್ಷ ಕಾಲೇಜಿಗೆ ಹೋದೆ, ಯಾರಿಗೂ ಏನೂ ಆಗಲಿಲ್ಲ. ಮಾಮನದು ಹಾಗಾಗಲಿಲ್ಲ. ಅವರ ಎಡಗೆನ್ನೆಯ ಮೇಲೆ ಅಂಗೈ ಅಗಲದ ಕಪ್ಪು ಕಲೆ ನಿಂತೇಬಿಟ್ಟಿತು. ಮೀಸೆ ಬೆಳೆಯಿತು, ತಲೆ ನರೆಯಿತು, ಕಲೆ ಹೋಗಲಿಲ್ಲ. ಈಗ ಎಪ್ಪತ್ತು ದಾಟಿದ್ದಾರೆ. ನನ್ನ ಮಗಳು ಚಿಕ್ಕವಳಿದ್ದಾಗ ಒಮ್ಮೆ ಊರಿಗೆ ಹೋದಾಗ ಅವರ ಪಕ್ಕದಲ್ಲಿ ಕೂತು, ಆ ಕಲೆಯನ್ನು ಬೆರಳಿನಿಂದ ಮುಟ್ಟಿ, “ಇದೇನು ತಾತಾ?” ಎಂದು ಕೇಳಿದಳು.

ಮಾಮ ಬೆನ್ನು ನೆಟ್ಟಗೆ ಮಾಡಿ ಕೂತರು. ಆ ಕೆನ್ನೆಯನ್ನು ಅವಳಿಗೆ ಚೆನ್ನಾಗಿ ಕಾಣುವಂ‍ತೆ ಬೆಳಕಿಗೆ ತಿರುಗಿಸಿದರು.

“ಇದಾ? ಇದು ನಿಮ್ಮಮ್ಮ ಬಿ.ಎಸ್ಸಿ. ಓದಿದ್ದು.”